ಕರೆಂಟು ಹೋದರೂ ಕಳೆಯದ ಕಾಲುಗಳು

ಯಂತ್ರ ನಿಧಾನವಾದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಶೋಭಾಳಿಗೂ ಬಂದಿತ್ತು.

ಬೇಗಂಪೇಟೆಯ ಓಣಿಯೊಂದರಲ್ಲಿ ಅವಳದು ಕೃತಕ ಕಾಲು ಮಾಡುವ ಕಾರ್ಯಾಗಾರ. ಅವಳು ಓದಿದ್ದೇ ಆ ವಿದ್ಯೆ. ಜೊತೆಗೆ ಮಾವ ಬಸವಲಿಂಗಪ್ಪ. ಗದಗಿನ ಕಡೆಯವರು, ರಕ್ಷಣಾ ಕಾರ್ಖಾನೆಯೊಂದರಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದವರು. ಕಬ್ಬಿಣ, ಚರ್ಮ, ಪ್ಲಾಸ್ಟರು ಯಾವುದೇ ಇರಲಿ, ಅವರ ಕೈಯಲ್ಲಿ ಹೇಳಿದ ಮಾತು ಕೇಳುತ್ತಿತ್ತು.

ಹೈದರಾಬಾದಿನಲ್ಲಿ ಏಳುವ ಎತ್ತರದ ಕಟ್ಟಡಗಳಿಗೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕೈಗಳು ಬೇಕು. ಹಾಗೆ ಬಂದವರಲ್ಲಿ ಕೆಲವರು ಕಾಲು ಕಳೆದುಕೊಳ್ಳುತ್ತಾರೆ. ಮೇಲಿನಿಂದ ಸರಳು ಬೀಳುತ್ತದೆ, ಸಾಮಾನು ಎತ್ತುವ ಲಿಫ್ಟಿಗೆ ಪಾದ ಸಿಗುತ್ತದೆ. ಅವರಲ್ಲಿ ಬಹಳ ಜನ ಶೋಭಾಳ ಬಾಗಿಲಿಗೆ ಬರುತ್ತಿದ್ದರು.

ಮೊದಲು ಉಳಿದ ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುತ್ತಿದ್ದರು. ಈಗ ಶೋಭಾ ಕೈಯಲ್ಲಿ ಹಿಡಿಯುವ ಸ್ಕ್ಯಾನರನ್ನು ಕಾಲಿನ ಸುತ್ತ ತಿರುಗಿಸುತ್ತಾಳೆ. ಕಾಲಿನ ಆಕಾರ ಒಂದು ಫೈಲಾಗಿ ಮೂಲೆಯಲ್ಲಿರುವ ಸರ್ವರಿಗೆ ಹೋಗಿ ಕೂರುತ್ತದೆ. ಸರ್ವರ್ ಎಂದರೆ ಅಲ್ಲಿನ ಎಲ್ಲ ಕಂಪ್ಯೂಟರುಗಳಿಗೂ ಸೇರಿದ ಒಂದೇ ಕಪಾಟು. ಕೆತ್ತುವ ಯಂತ್ರ ಅಲ್ಲಿಂದ ಆಕಾರವನ್ನು ಎತ್ತಿಕೊಂಡು ಅಚ್ಚು ಕೆತ್ತುತ್ತದೆ.

ಆ ಸರ್ವರ್ ಇತ್ತೀಚೆಗೆ ತೆವಳತೊಡಗಿತ್ತು. ರಿಪೇರಿ ಮಾಡುವ ಕೇದಾರನನ್ನು ಕರೆಸಿದಾಗ ಅವನು ನೋಡಿ ಹೇಳಿದ: "ಮೇಡಂ, ಇದರಾಗ ಜರ್ನಲ್ ಅಂತ ಒಂದು ಅದ. ಪ್ರತಿ ಕೆಲಸಾನೂ ಎರಡೆರಡು ಸಲ ಬರೀತದ. ಅದನ್ನ ಬಂದ್ ಮಾಡಿಬಿಡ್ತೀನಿ, ಕುದುರಿಹಂಗ ಓಡ್ತದ."

ಬಸವಲಿಂಗಪ್ಪನವರಿಗೆ ಮಾತು ಹಿಡಿಸಿತು. "ಖರೇ ಐತಿ ನೋಡು. ಒಂದ ಕೆಲಸಾ ಎರಡು ಸಲ ಯಾಕ ಬರೀಬೇಕು?"

ಶೋಭಾ ಹೂಂ ಅನ್ನುವವಳೇ ಇದ್ದಳು. ಆದರೆ ಅರ್ಥವಾಗದ ಕೆಲಸಕ್ಕೆ ಒಪ್ಪಿಗೆ ಕೊಡುವುದು ಅವಳ ಜಾಯಮಾನವಲ್ಲ. "ಸೋಮವಾರ ಹೇಳ್ತೀನಿ" ಎಂದು ಕೇದಾರನನ್ನು ಕಳಿಸಿದಳು. ಸಂಜೆ ಮಿಯಾಪುರದ ಮನೆಗೆ ಹೋದವಳೇ ಎದುರು ಮನೆಯ ನೇತ್ರಾಳ ಬಾಗಿಲು ಬಡಿದಳು.

ನೇತ್ರಾ ಧಾರವಾಡದವಳು. ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ಸರ್ವರುಗಳ ಮೇಲ್ವಿಚಾರಣೆ ಅವಳ ಕೆಲಸ. ಕೇದಾರನ ಸಲಹೆ ಕೇಳಿ ಅವಳು ಚಹಾದ ಲೋಟ ಕೆಳಗಿಟ್ಟಳು. "ಶೋಭಕ್ಕಾ, ನಾನು ನೋಡೂ ತನಕ ಯಾರಿಗೂ ಕೈ ಹಚ್ಚಾಕ ಬಿಡಬ್ಯಾಡ್ರಿ."

ಭಾನುವಾರ ಇಬ್ಬರೂ ಮೆಟ್ರೊ ಹತ್ತಿ ಬೇಗಂಪೇಟೆಗೆ ಬಂದರು. ನೇತ್ರಾ ಸರ್ವರಿನ ಮುಂದೆ ಕೂರುವ ಬದಲು ಬಸವಲಿಂಗಪ್ಪನವರ ಮೇಜಿನ ಹತ್ತಿರ ನಿಂತಳು. ಅಲ್ಲಿ ಯಂತ್ರ ಕೆತ್ತಿಕೊಟ್ಟ, ಕೈಯಿಂದ ತಿದ್ದಬೇಕಾದ ಒಂದು ಪ್ಲಾಸ್ಟರ್ ಅಚ್ಚು, ಅದರ ಮೇಲೆ ನೇರಳೆ ಪೆನ್ಸಿಲಿನ ಗೆರೆಗಳು.

"ಕಾಕಾರ, ಈ ಗೆರಿ ಯಾಕ ಹಾಕೀರಿ?"

"ಎಲ್ಲಿ ಕೆರೀಬೇಕು, ಎಲ್ಲಿ ತುಂಬಬೇಕು ಅಂತ ಮೊದ್ಲ ಗುರ್ತು ಹಾಕ್ತೀನವ್ವಾ. ಆಮ್ಯಾಲ ಉಳಿ ಹಿಡಿಯೂದು."

"ನಡುವ ಯಾರರ ಕರದ್ರ?"

"ಹೋಗಿ ಬಂದು ಗೆರಿ ನೋಡ್ತೀನಿ. ಎಲ್ಲಿಗೆ ಬಿಟ್ಟಿದ್ದೆ ತಿಳೀತೈತಿ. ಮುಂದ ನಡಸ್ತೀನಿ."

"ಗೆರೀನ ಅರ್ಧಾ ಹಾಕಿದಾಗ ಕರದ್ರ?"

"ಅರ್ಧಾ ಗೆರಿ ನಂಬಿ ಯಾರು ಉಳಿ ಹಾಕ್ತಾರ? ಒರಸಿ ಬಿಡ್ತೀನಿ. ಅಚ್ಚು ಮೊದ್ಲ ಇದ್ದಂಗ ಇರ್ತೈತಿ."

"ಜರ್ನಲ್ ಅಂದ್ರ ಅಷ್ಟ ರಿ" ಎಂದು ನೇತ್ರಾ ಮುಗುಳ್ನಕ್ಕಳು. "ಯಾವ ಫೈಲ್ ಡಿಸ್ಕಿನಾಗ ಎಲ್ಲಿ ಐತಿ, ಎಷ್ಟು ದೊಡ್ಡದು ಅನ್ನೂ ಲೆಕ್ಕ ಇಡೋದಕ್ಕ ಫೈಲ್ ಸಿಸ್ಟಮ್ ಅಂತಾರ. ಆ ಲೆಕ್ಕದಾಗ ಏನರ ಬದಲಿ ಮಾಡೂ ಮೊದ್ಲ, 'ಇದನ್ನ ಮಾಡಾಕತ್ತೀನಿ' ಅಂತ ಅದು ಜರ್ನಲ್‌ನಾಗ ಗುರ್ತು ಹಾಕ್ತೈತಿ. ನಡುವ ಕರೆಂಟ್ ಹೋತು ಅಂದ್ರ, ಮತ್ತ ಚಾಲೂ ಆದಾಗ ಮೊದ್ಲ ಗುರ್ತು ನೋಡ್ತೈತಿ. ಪೂರಾ ಇದ್ದದ್ದನ್ನ ಮಾಡಿ ಮುಗಸ್ತೈತಿ, ಅರ್ಧಾ ಇದ್ದದ್ದನ್ನ ಬಿಡ್ತೈತಿ."

"ಮತ್ತ ಆ ಗುರ್ತು ಇರದಿದ್ರ?" ಎಂದು ಶೋಭಾ ಕೇಳಿದಳು.

"ಎಲ್ಲಿಗೆ ನಿಂತಿತ್ತು ಅಂತ ಅದಕ್ಕ ಗೊತ್ತಾಗೂದಿಲ್ಲ. ಇಡೀ ಡಿಸ್ಕ್ ಜಾಲಾಡಬೇಕು. ಒಬ್ಬರ ಕಾಲು ಇನ್ನೊಬ್ಬರ ಹೆಸರಿಗೆ ಹತ್ತಿದ್ರೂ ಹತ್ತಬಹುದು. ಫೋಲ್ಡರಿಗೆ ಫೋಲ್ಡರ ಮಾಯ ಆದ್ರೂ ಆಗಬಹುದು."

ಬಸವಲಿಂಗಪ್ಪ ತಲೆ ಅಲ್ಲಾಡಿಸಿದರು. "ನಾನು ಮನಷ್ಯಾ. ಗೆರಿ ನೋಡಿದ್ರ ನೆನಪಾಗ್ತೈತಿ. ಅದು ಡಬ್ಬಿ. ಅದಕ್ಕೇನು ತಿಳೀತೈತಿ ಬಿಡು."

ನೇತ್ರಾ ಸರ್ವರಿನ ಮುಂದೆ ಕೂತಳು. ಸರ್ವರನ್ನು ತೆರೆದು ನೋಡಿದಳು. ಡಿಸ್ಕು ಕಂಠಮಟ್ಟ ತುಂಬಿತ್ತು. ಹಿಂದೆ ಪ್ರಯತ್ನಕ್ಕೆಂದು ತೆಗೆದು ಮರೆತ ಸ್ಕ್ಯಾನುಗಳೆಲ್ಲ ಅಲ್ಲೇ ಬಿದ್ದಿದ್ದವು. ಬೇಡದ್ದನ್ನು ಶೋಭಾಳ ಕೈಯಿಂದಲೇ ಅಳಿಸಿಹಾಕಿಸಿದಳು. ಜರ್ನಲನ್ನು ಮುಟ್ಟದೆಯೇ ಯಂತ್ರ ಚುರುಕಾಯಿತು.

ಅಷ್ಟಕ್ಕೇ ಅವಳು ಏಳಲಿಲ್ಲ. ಜರ್ನಲ್ ಇದೆಯೋ ಇಲ್ಲವೋ ನೋಡುವುದು ಹೇಗೆ, ಡಿಸ್ಕನ್ನು ಬಳಕೆಯಿಂದ ಬಿಡಿಸುವುದು ಹೇಗೆ, ಬಿಡಿಸಿದ ಮೇಲೆ ತಪಾಸಣೆ ಮಾಡುವುದು ಹೇಗೆ, ಎಲ್ಲವನ್ನೂ ಕಲಿಸಿದಳು. ಶೋಭಾ ಪ್ರತಿ ಆದೇಶವನ್ನೂ ತಾನೇ ಒತ್ತಿ ನೋಡಿದಳು. ತಪ್ಪಾದಾಗ ಮತ್ತೆ ಒತ್ತಿದಳು.

ಹೊರಡುವಾಗ ನೇತ್ರಾ ಎರಡು ಮಾತು ಹೇಳಿದಳು. ಕರೆಂಟು ಹೋದಾಗ ಸರ್ವರನ್ನು ಸ್ವಲ್ಪ ಹೊತ್ತು ನಡೆಸುವ ಯುಪಿಎಸ್ಸಿನ ಬ್ಯಾಟರಿ ಸತ್ತಿದೆ, ಬದಲಿಸಿ. ಎಲ್ಲ ಫೈಲುಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡಿ.

"ಶಿಬಿರ ಮುಗೀಲಿ, ನೋಡೂಣು" ಎಂದರು ಬಸವಲಿಂಗಪ್ಪ. ಶೋಭಾಳೂ ಒಪ್ಪಿದಳು. ಕಾಲು ಕಳೆದುಕೊಂಡವರ ಅಳತೆ ತೆಗೆಯುವ ಶಿಬಿರ ಹತ್ತಿರದಲ್ಲೇ ಇತ್ತು, ಅದರ ಗಡಿಬಿಡಿಯಲ್ಲಿ ಆ ಮಾತು ಹಿಂದೆ ಬಿತ್ತು.

ಶಿಬಿರಕ್ಕೆ ಜನ ಹರಿದು ಬಂದರು. ಸಿಂಧನೂರಿನ ಹಂಪಮ್ಮ ಮೊಣಕಾಲಿನ ಕೆಳಗೆ ಕಾಲಿಲ್ಲದವಳು. ಕಾಚಿಗೂಡದಲ್ಲಿ ರೈಲಿಳಿದು ಅಣ್ಣನ ಹೆಗಲು ಹಿಡಿದುಕೊಂಡೇ ಬಂದಿದ್ದಳು. ಸ್ಕ್ಯಾನ್ ಆದ ಕೂಡಲೇ ಊರಿನ ಗಾಡಿ ಹಿಡಿದಳು. ಹಾಗೆ ಎಷ್ಟೋ ಜನ ಅಳತೆ ಕೊಟ್ಟು, ಕಾಲು ಸಿದ್ಧವಾದಾಗ ಬರುತ್ತೇವೆಂದು ಹೊರಟುಹೋದರು. ಒಮ್ಮೆ ಬಂದು ಹೋಗುವುದಕ್ಕೇ ಅವರು ಎಷ್ಟು ಕಷ್ಟಪಟ್ಟಿದ್ದರೆಂದು ಶೋಭಾ ಕಣ್ಣಾರೆ ನೋಡಿದ್ದಳು.

ಶಿಬಿರದ ಕೊನೆಯ ದಿನದ ಮಧ್ಯಾಹ್ನ ಗಾರೆ ಕೆಲಸದ ಹುಲಗೇಶನ ಸರದಿ. ಶೋಭಾ ಸ್ಕ್ಯಾನ್ ಮುಗಿಸಿದಳು. ಅವನ ಕಾಲಿನ ಆಕಾರ ಸರ್ವರಿಗೆ ಹೋಗುತ್ತಿರುವಾಗಲೇ ಹೊರಗೆ ಬಿರುಗಾಳಿ ಭರ್ರೆಂದು ಎದ್ದಿತು. ಎಲ್ಲೋ ಕೊಂಬೆ ಮುರಿದ ಸದ್ದು. ಫ್ಯಾನು ನಿಂತಿತು. ಅದರ ಹಿಂದೆಯೇ ಸರ್ವರಿನ ದೀಪವೂ ಆರಿತು.

ಶೋಭಾ ಸರ್ವರಿನತ್ತ ಓಡಿದಳು. ಊರಿಗೆ ಹೋದ ಅಷ್ಟೂ ಜನರ ಕಾಲುಗಳು ಆ ಡಬ್ಬಿಯಲ್ಲಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

ನೇತ್ರಾಳಿಗೆ ಫೋನು ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಅವಳ ಕಚೇರಿಯಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಕೇದಾರ ಮಾತ್ರ ಕೂಡಲೇ ಎತ್ತಿದ. "ಅದು ಹೋಯ್ತು ಅಂತ ತಿಳ್ಕೊರಿ ಮೇಡಂ. ಫಾರ್ಮ್ಯಾಟ್ ಹೊಡದು ಹೊಸದಾಗಿ ಹಾಕೋಣ. ಜಲ್ದಿ ಆಗ್ತದ."

"ಅಂದ್ರ ಇದ್ದದ್ದೆಲ್ಲಾ ಅಳಸಿ ಹೋಗೂದಲ್ಲಾ?"

"ಅದು ಹ್ಯಾಂಗೂ ಹೋಗೇದಲ್ರಿ."

ಶೋಭಾ ಫೋನು ಇಟ್ಟಳು. ಅಷ್ಟರಲ್ಲಿ ಕರೆಂಟು ಬಂತು. ಸರ್ವರನ್ನು ಚಾಲೂ ಮಾಡಿದಳು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡಿದವು. ಒಂದು ಕಡೆ ನಿಂತವು. ಬಸವಲಿಂಗಪ್ಪ ಸಾಲು ನೋಡಿ ಹೆದರಿದರು. "ಏನೋ ಕೆಟ್ಟೈತಿ. ಬಂದ್ ಮಾಡಿ ಮತ್ತ ಹಚ್ಚೂಣು" ಎಂದು ಸ್ವಿಚ್ಚಿಗೆ ಕೈ ನೀಡಿದರು.

ಶೋಭಾ ಅವರ ಕೈ ಹಿಡಿದಳು. ಮಾವನ ಕೈಯನ್ನು ಹಾಗೆ ಹಿಡಿದದ್ದು ಅದೇ ಮೊದಲು.

"ಬ್ಯಾಡ್ರಿ ಮಾವಾರ. 'ಜರ್ನಲ್ ನೋಡಿ ಸರಿ ಮಾಡಾಕತ್ತೀನಿ' ಅಂತ ಬರದೈತಿ. ಅದು ತನ್ನ ಗೆರಿ ಹುಡುಕಾಕತ್ತೈತಿ. ಈಗ ನಾವು ಕೈ ಹಾಕಬಾರದು."

ಬೆಂಚಿನ ಮೇಲಿದ್ದ ಹುಲಗೇಶನೂ ಕುತ್ತಿಗೆ ಚಾಚಿ ಪರದೆ ನೋಡುತ್ತಿದ್ದ. ಸಾಲುಗಳು ಮತ್ತೆ ಓಡಿದವು. ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ, ಸರ್ವರ್ ಎದ್ದು ನಿಂತಿತು.

ಬಸವಲಿಂಗಪ್ಪ ಕೆತ್ತುವ ಯಂತ್ರದತ್ತ ತಿರುಗಿದರು. "ಹಂಗಾರ ಕೆತ್ತೂ ಯಂತ್ರ ಹಚ್ಚಲೇನು?"

"ತಡೀರಿ. ಮೊದ್ಲ ತಪಾಸಣೆ ಆಗಲಿ."

ಶೋಭಾ ಎಲ್ಲ ಕಂಪ್ಯೂಟರುಗಳಲ್ಲೂ ಕೆಲಸ ನಿಲ್ಲಿಸಿದಳು. ಸ್ಕ್ಯಾನುಗಳಿದ್ದ ಡಿಸ್ಕನ್ನು 'ಅನ್‌ಮೌಂಟ್' ಆದೇಶ ಕೊಟ್ಟು ಬಳಕೆಯಿಂದ ಬಿಡಿಸಿದಳು. ಆಮೇಲೆಯೇ ತಪಾಸಣೆಯ ಆದೇಶ ಕೊಟ್ಟಳು.

"ಬಿಡಸದ ನೋಡಿದ್ರ ಆಗೂದಿಲ್ಲೇನು?"

"ನೀವು ಅಚ್ಚು ಕೆರಿಯೂ ಹೊತ್ತಿನಾಗ ನಾನೂ ಇನ್ನೊಂದು ಕಡಿಯಿಂದ ಉಳಿ ಹಾಕಿದ್ರ ಏನಾಗ್ತೈತಿ? ಓಡೂ ಡಿಸ್ಕಿಗೆ ರಿಪೇರಿ ಹಚ್ಚಿದ್ರ ಚಲೋ ಇದ್ದದ್ದೂ ಕೆಡ್ತೈತ್ರಿ."

ಬಸವಲಿಂಗಪ್ಪ ಸೊಸೆಯ ಮುಖವನ್ನೊಮ್ಮೆ ನೋಡಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

ತಪಾಸಣೆ ಮುಗಿಯಿತು. ದೋಷವಿಲ್ಲ ಎಂದು ಬಂತು. ಶೋಭಾ ಡಿಸ್ಕನ್ನು ಮತ್ತೆ ಜೋಡಿಸಿ, ಹಂಪಮ್ಮನ ಫೈಲು ತೆರೆದಳು. ಪರದೆಯ ಮೇಲೆ ಆ ಕಾಲಿನ ಆಕಾರ ನಿಧಾನವಾಗಿ ತಿರುಗಿತು. ಹೊಲಿಗೆಯ ಗುರುತು ಕೂಡ ಇದ್ದಲ್ಲೇ ಇತ್ತು. ಇನ್ನೊಬ್ಬರದನ್ನು ತೆರೆದಳು. ಮತ್ತೊಬ್ಬರದನ್ನು ತೆರೆದಳು. ಊರಿಗೆ ಹೋದವರೆಲ್ಲರ ಕಾಲುಗಳೂ ಅಲ್ಲಿದ್ದವು, ಅವರವರ ಹೆಸರಿನಲ್ಲೇ.

"ಅಕ್ಕಾರ, ನಂದು ಐತೇನ್ರಿ?" ಎಂದ ಹುಲಗೇಶ.

ಅವನ ಫೈಲಿಗೆ ಹೆಸರಿತ್ತು. ಒಳಗೆ ಅರ್ಧ ಆಕಾರ ಮಾತ್ರ ಇತ್ತು.

ಬಸವಲಿಂಗಪ್ಪ ಥಟ್ಟನೆ ಹೇಳಿದರು: "ನೋಡು, ನಿನ್ನ ಜರ್ನಲ್ ಇಲ್ಲಿ ಸೋತಿತು."

"ಸೋತಿಲ್ರಿ. ಇವರ ಕಾಲು ಪೂರಾ ಡಿಸ್ಕಿಗೆ ಬಂದು ಮುಟ್ಟಿದ್ದಿಲ್ಲ. ಬರದ ಇದ್ದದ್ದನ್ನ ಅದು ಎಲ್ಲಿಂದ ತಂದು ಕೊಡ್ಬೇಕು? ಉಳದವರ ಫೈಲಿಗೆ ಇದರ ಪೆಟ್ಟು ಬೀಳದಂಗ ಕಾಯ್ದೈತಿ. ಅದರ ಕೆಲಸಾ ಅಷ್ಟ."

ಹುಲಗೇಶ ಪ್ಯಾಂಟಿನ ತುದಿ ಮಡಚಿ ಕಾಲು ಚಾಚಿದ. "ನಾ ಇಲ್ಲೇ ಅದೀನಲ್ರಿ. ಇನ್ನೊಮ್ಮೆ ತಗೀರಿ. ಅಷ್ಟೂ ಮಂದಿ ಮತ್ತ ಬರೂದು ತಪ್ಪಿತಲ್ಲಾ, ಅದು ದೊಡ್ಡದು."

ಶೋಭಾ ನಕ್ಕಳು. ಕಣ್ಣಲ್ಲಿ ನೀರೂ ಬಂತು. ಸ್ಕ್ಯಾನರ್ ಎತ್ತಿಕೊಂಡಳು.

ಸಂಜೆ ಗೇಟಿನಲ್ಲಿ ಫೋನು ತೆಗೆದುಕೊಂಡ ನೇತ್ರಾ, ತಪ್ಪಿಹೋದ ಕರೆ ನೋಡಿ ನೇರವಾಗಿ ಕಾರ್ಯಾಗಾರಕ್ಕೇ ಓಡಿಬಂದಳು. ನಡೆದದ್ದನ್ನು ಕೇಳಿದಳು. ಪರದೆಯ ಮೇಲೆ ಉಳಿದಿದ್ದ ಆದೇಶಗಳನ್ನು ಒಂದೊಂದಾಗಿ ಓದಿದಳು.

"ಶೋಭಕ್ಕಾ, ನಾನು ಇಲ್ಲಿದ್ರೂ ಇಷ್ಟ ಮಾಡ್ತಿದ್ದೆ. ಇದಕ್ಕಿಂತ ಹೆಚ್ಚಿಂದು ಏನೂ ಇಲ್ಲ."

ಆ ಮಾತು ಕೇಳಿ ಶೋಭಾಳಿಗೆ ಓದು ಮುಗಿಸಿದ ದಿನಕ್ಕಿಂತಲೂ ಹೆಚ್ಚಿನ ಹೆಮ್ಮೆಯಾಯಿತು.

"ಆದ್ರ ಜರ್ನಲ್ ಕಾಯೂದು ಕರೆಂಟ್ ಹೋದಾಗ" ಎಂದು ನೇತ್ರಾ ಮುಂದುವರಿಸಿದಳು. "ಡಿಸ್ಕ ಸುಟ್ಟು ಹೋದ್ರ, ಯಾರರ ತಪ್ಪಿ ಅಳಸಿದ್ರ, ಅದರ ಕೈಯಾಗ ಏನೂ ಇಲ್ಲ. ಅದಕ್ಕ ಬ್ಯಾರೆ ಪ್ರತಿ ಬೇಕ ಬೇಕು."

ಬಸವಲಿಂಗಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೊರಟಿದ್ದರು. ಎಲ್ಲಿಗೆ ಎಂದು ಶೋಭಾ ಕೇಳಿದಳು. "ಅಂಗಡಿ ಮುಚ್ಚೂದ್ರೊಳಗ ಬ್ಯಾಟರಿ ತರ್ತೀನಿ. ಪ್ರತಿ ಇಡಾಕ ಡಿಸ್ಕೂ ತರ್ತೀನಿ. ಯಾವ ನಮೂನಿದು ಬೇಕು ಹೇಳು" ಎಂದರು. ಪ್ರತಿಯ ಡಿಸ್ಕನ್ನು ಆಗಾಗ ಮಿಯಾಪುರದ ಮನೆಗೆ ಒಯ್ದು ಇಡುವ ಕೆಲಸವನ್ನೂ ತಾವೇ ವಹಿಸಿಕೊಂಡರು.

ಮರುವಾರ ಕೇದಾರ ಬಂದಾಗ ಅವನನ್ನು ಅಚ್ಚಿನ ಮುಂದೆ ಕೂರಿಸಿ, ನೇರಳೆ ಗೆರೆ ತೋರಿಸಿ, ಜರ್ನಲ್ ಎಂದರೇನೆಂದು ಬಸವಲಿಂಗಪ್ಪನವರೇ ವಿವರಿಸಿದರು. ಕೇದಾರ ಪೂರ್ತಿ ಕೇಳಿಸಿಕೊಂಡ. ತಾನು ನೋಡಿಕೊಳ್ಳುವ ಇನ್ನೊಂದು ಕಡೆ ಜರ್ನಲ್ ಬಂದ್ ಮಾಡಿದ್ದೇನೆಂದೂ, ಈಗಲೇ ಹೋಗಿ ಸರಿ ಮಾಡುವೆನೆಂದೂ ಹೇಳಿ ಚೀಲ ಎತ್ತಿಕೊಂಡ.

ಕಾಲುಗಳು ಸಿದ್ಧವಾದವು. ಹಂಪಮ್ಮ ಮತ್ತೆ ಬಂದಳು, ಈ ಸಲವೂ ಅಣ್ಣನ ಹೆಗಲು ಹಿಡಿದು. ಬಸವಲಿಂಗಪ್ಪ ಕಾಲು ತೊಡಿಸಿ ಪಟ್ಟಿ ಬಿಗಿದರು. ಮೊದಲ ಸಲಕ್ಕೇ ಸರಿಯಾಗಿ ಕೂತಿತು. ಅವಳು ಕಂಬಿ ಹಿಡಿದು ಎದ್ದಳು, ನಿಂತಳು, ಕಂಬಿ ಬಿಟ್ಟಳು. ಕೋಣೆಯ ಆ ತುದಿಯವರೆಗೆ ನಡೆದು, ತಿರುಗಿ, ಈ ತುದಿಗೆ ಬಂದಳು.

ಹಂಪಮ್ಮ ದಿನಗಟ್ಟಲೆ ಅಭ್ಯಾಸ ಮಾಡಿ ಊರಿಗೆ ಹೊರಡುವ ಬೆಳಿಗ್ಗೆ ಶೋಭಾ ಆಟೊ ಕರೆಸಲು ಹೋದಳು.

"ಆಟೊ ಯಾಕ ಯವ್ವಾ? ಮೆಟ್ರೊದ ಮೆಟ್ಲ ಹತ್ತೇ ಹೋಗ್ತೀನಿ" ಎಂದಳು ಹಂಪಮ್ಮ. ಬೇಗಂಪೇಟೆ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಅಣ್ಣ ಹೆಗಲು ಕೊಟ್ಟ. ಅವಳು ಕೈಯಲ್ಲಿದ್ದ ಗಂಟನ್ನು ಆ ಹೆಗಲಿಗೆ ಹಾಕಿ, ಕಂಬಿ ಹಿಡಿದು ತಾನೇ ಹತ್ತಿದಳು. ಕೆಳಗೆ ನಿಂತಿದ್ದ ಬಸವಲಿಂಗಪ್ಪ, ಅವಳು ಮೇಲೆ ಮುಟ್ಟಿ ತಿರುಗಿ ಕೈಬೀಸುವವರೆಗೂ ಅಲ್ಲಾಡಲಿಲ್ಲ.

ಓದುಗರೇ, ನಿಮ್ಮ ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಸಂಘದಲ್ಲಿ ಒಂದು ಸರ್ವರ್ ಇದ್ದೇ ಇರುತ್ತದೆ. ಅದನ್ನು ನೋಡಿಕೊಳ್ಳುವವರು ನೀವಾದರೆ ಇವತ್ತೇ ನೋಡಿ, ಅದರ ಫೈಲ್ ಸಿಸ್ಟಮ್‌ಗೆ ಜರ್ನಲ್ ಇದೆಯೇ? ವೇಗದ ಆಸೆಗೆ ಅದನ್ನು ಬಂದ್ ಮಾಡಬೇಡಿ, ಯಂತ್ರ ನಿಧಾನವಾದದ್ದಕ್ಕೆ ನಿಜವಾದ ಕಾರಣ ಹುಡುಕಿ. ಕರೆಂಟು ಹೋಗಿ ಬಂದ ಮೇಲೆ ಜರ್ನಲ್ ತನ್ನ ಕೆಲಸ ಮುಗಿಸಲು ಬಿಡಿ, ನಡುವೆ ಸ್ವಿಚ್ಚು ಮುಟ್ಟಬೇಡಿ. ಬಳಕೆಯಲ್ಲಿರುವ ಡಿಸ್ಕಿಗೆ ರಿಪೇರಿ ಹಚ್ಚಬೇಡಿ. ಜರ್ನಲ್ ಇದೆಯೆಂದು ಪ್ರತಿ ತೆಗೆಯುವುದನ್ನು ಮರೆಯಬೇಡಿ, ಸತ್ತ ಬ್ಯಾಟರಿಯನ್ನು ನಾಳೆಗೆ ಬಿಡಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ, ಆದರೆ ಕೀಲಿಗಳನ್ನು ನೀವೇ ಒತ್ತಿ ಕಲಿಯಿರಿ. ಆ ಡಿಸ್ಕಿನಲ್ಲಿ ಯಾರದೋ ಬದುಕಿದೆ. ಅದನ್ನು ಕಾಯುವುದು ನಿಮ್ಮ ಕೈಯಲ್ಲೇ ಇದೆ.