ಎರಡು ಬೆರಳು

ತೀರಿಕೊಂಡ ಗಂಡನ ಕೋಟಿನ ಎಡಜೇಬಿನ ಒಳಮಗ್ಗುಲನ್ನು ತಾಯಿ ಹೊರಗೆಳೆದು ಕೊಡವಿದಾಗ ಒಣಗಿದ ಎಲೆಚೂರುಗಳು ನೆಲದ ತುಂಬ ಉದುರಿದವು.

“ನೋಡೇ, ಮಣ್ಣಿಗೆ ಹೋಗೋ ದಿನಾನೂ ನನ್ನ ಕೈಲಿ ಕಸ ಗುಡಿಸಿಸ್ತಾರೆ ನಿಮ್ಮಪ್ಪ,” ಎಂದು ನಗಲು ಹೋಗಿ ಅವರು ಅತ್ತುಬಿಟ್ಟರು.

ಮಗಳು ಪೊರಕೆ ತರಲಿಲ್ಲ. ಬಗ್ಗಿ ಚೂರುಗಳನ್ನು ಆಯ್ದು ಮತ್ತೆ ಅದೇ ಜೇಬಿಗೆ ತುಂಬಿದಳು.

“ಇದಿಲ್ದಿದ್ರೆ ಅಪ್ಪನ ಕೋಟು ಅಂತಾನೇ ಅನ್ಸಲ್ಲಮ್ಮ.”

ನಲವತ್ತೊಂದು ವರ್ಷ ಬೋಳುಗುಡ್ಡಗಳ ಮೇಲೆ ಸಸಿ ನೆಟ್ಟ ಮೇಸ್ತ್ರಿ ಅವಳಪ್ಪ. ನೆಟ್ಟಾದ ಮೇಲೆ ಪ್ರತಿ ಸಸಿಯ ಒಂದು ಎಲೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ಎಳೆಯುತ್ತಿದ್ದರು. ಸಡಿಲವಾಗಿದ್ದರೆ ಸಸಿ ಬೇರುಸಮೇತ ಕೈಗೆ ಬರುತ್ತಿತ್ತು. ಸರಿಯಾಗಿ ಕೂತಿದ್ದರೆ ಎಲೆಯ ತುದಿ ಹರಿಯುತ್ತಿತ್ತೇ ಹೊರತು ಸಸಿ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಹರಿದ ತುದಿ ಜೇಬು ಸೇರುತ್ತಿತ್ತು. ನೆಟ್ಟವರು ಯಾರೇ ಆಗಲಿ, ಮೇಸ್ತ್ರಿಯ ಬೆರಳಿನಿಂದ ವಿನಾಯಿತಿ ಇರಲಿಲ್ಲ. ಸ್ವಂತ ಮಗಳು ನೆಟ್ಟದ್ದನ್ನಂತೂ ಎರಡೆರಡು ಸಲ ಎಳೆದು ನೋಡುತ್ತಿದ್ದರು.

ಅತ್ತೆ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದರು. “ಅರಣ್ಯ ಕಚೇರಿ ಸಾಹೇಬ್ರು ಸಸಿ ತರ್ತಿದಾರಂತೆ. ಅಣ್ಣನ ತಲೆ ಹತ್ರ ಅವರೇ ನೆಡ್ತಾರಂತೆ. ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಂಡಿರು ತಾಯಿ. ಅಣ್ಣನ ಜಾಗಕ್ಕೆ ನಿನ್ನ ಮೇಸ್ತ್ರಿ ಕೆಲಸದ ಕಾಗದ ಇನ್ನೂ ಸಹಿ ಆಗ್ದೆ ಅವರ ಮೇಜಿನ ಮೇಲಿದೆ.”

“ಗೊತ್ತು ಅತ್ತೆ,” ಎಂದಳು ಮಗಳು. ಗೊತ್ತಿದ್ದದ್ದೇ ಅವಳ ಸಂಕಟವಾಗಿತ್ತು.

*

ನಾಲ್ಕು ತಿಂಗಳ ಹಿಂದೆ, ಅಪ್ಪ ನಿವೃತ್ತರಾದ ದಿನ, ಕಚೇರಿಯ ಅಂಗಳದಲ್ಲಿ ಕುರ್ಚಿ ಹಾಕಿಸಿದ್ದರು. ಗೋಡೆ ಗಡಿಯಾರವೊಂದನ್ನು ಕೊಟ್ಟರು. ಮನೆಯಲ್ಲಿ ಆಗಲೇ ಎರಡಿದ್ದವು. ಆಮೇಲೆ ಸಾಹೇಬರು ನೆನಪಿಗೆಂದು ಒಂದು ಸಸಿ ನೆಟ್ಟರು. ಮಣ್ಣನ್ನು ಮಗುವಿನ ಕೆನ್ನೆ ತಟ್ಟಿದ ಹಾಗೆ ಎರಡು ಸಲ ತಟ್ಟಿ ಫೋಟೋದವನ ಕಡೆ ತಿರುಗಿದರು.

ಅಪ್ಪ ಬಗ್ಗಿದರು. ಎರಡು ಬೆರಳು ಮುಂದೆ ಚಾಚಿದವು. ಅವಳು ತೋಳು ಹಿಡಿದು ಜಗ್ಗಿದಳು.

“ಅಪ್ಪ, ಬೇಡ. ಎಲ್ಲರ ಎದುರಿಗೆ ಬೇಡ. ನನ್ನ ಕೆಲಸ ಅವರ ಕೈಲಿದೆ.”

ಅವರು ಅವಳ ಮುಖ ನೋಡಿದರು. ಕೈ ಹಿಂದೆ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು.

ಅಪ್ಪ ದಿನಾ ನಡೆದುಹೋಗಿ ನೀರು ಹಾಕಿದರೂ ಆ ಸಸಿ ತಿಂಗಳೊಳಗೆ ಒಣಗಿತು. ಅವತ್ತು ಊಟದ ತಟ್ಟೆಯ ಮುಂದೆ ಕೂತು ಅಪ್ಪ ಹೇಳಿದ್ದಿಷ್ಟೇ: “ನಲವತ್ತೊಂದು ವರ್ಷದಲ್ಲಿ ಒಂದೇ ಒಂದು ಗಿಡಾನ ಮುಲಾಜಿಗೆ ಬಿಟ್ಟೆ ಕಣೇ.” ನೀನು ತಡೆದೆ ಎಂದು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

*

ಅಪ್ಪನನ್ನು ಇಳಿಸಿದ ಗುಂಡಿ ಮುಚ್ಚಿಯಾಗಿತ್ತು. ಅದನ್ನು ತೋಡಿದವರು ಅಪ್ಪನ ತಂಡದವರೇ. ಅಂಚುಗಳು ಗೆರೆ ಎಳೆದ ಹಾಗಿದ್ದವು. ಸಾಹೇಬರು ತಲೆಯ ಬಳಿ ಸಸಿ ಇಟ್ಟು ಮಣ್ಣೆಳೆದು ಎರಡು ಸಲ ತಟ್ಟಿ ಎದ್ದರು. ಕಣ್ಣು ಒದ್ದೆಯಾಗಿತ್ತು. ಮನುಷ್ಯ ಒಳ್ಳೆಯವನೇ, ಕೈಗೆ ಮಾತ್ರ ಕೆಲಸ ಗೊತ್ತಿರಲಿಲ್ಲ.

ತಂಡದವರ್ಯಾರೂ ಕದಲಲಿಲ್ಲ. ಎಲ್ಲರೂ ಸಸಿಯನ್ನೇ ನೋಡುತ್ತಿದ್ದರು. ಅಪ್ಪನ ಜೊತೆ ಮೊದಲಿನಿಂದ ದುಡಿದ ‘ಮೋಟು’ ಗೊಣಗಿದ: “ಯಾರಾದ್ರೂ ಎಳೀಬೇಕಲ್ಲ ಈಗ.”

ಮಗಳು ಒಂದು ಹೆಜ್ಜೆ ಇಟ್ಟಳು. ಅತ್ತೆ ತೋಳು ಹಿಡಿದುಕೊಂಡರು. ಅವಳು ಅವರ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಬಗ್ಗಿ, ಎಲೆಯ ತುದಿ ಹಿಡಿದು ಎಳೆದಳು.

ಸಸಿ ಬೇರುಸಮೇತ ಕೈಗೆ ಬಂತು.

ಯಾರೋ ಕೆಮ್ಮಿದರು. ಸಾಹೇಬರ ಮುಖ ಕೆಂಪಾಯಿತು. “ಏನಮ್ಮ ಇದು?”

“ಕೂತಿಲ್ಲ ಸಾರ್. ಬೇರಿನ ಪಕ್ಕ ಗಾಳಿ ಉಳಿದ್ರೆ ಒಣಗಿಹೋಗುತ್ತೆ. ಹಿಮ್ಮಡೀಲಿ ತುಳೀಬೇಕು,” ಎಂದಳು.

ಸಾಹೇಬರು ಅವಳ ಕೈಯಲ್ಲಿದ್ದ ಸಸಿಯನ್ನು ನೋಡುತ್ತ ನಿಂತರು. “ಕಚೇರಿ ಅಂಗಳದಲ್ಲಿ ನೆಟ್ಟಿದ್ದು... ಅದೂ ಹೀಗೇನಾ?”

“ಹೌದು ಸಾರ್.”

“ಮೇಸ್ತ್ರಿ ಯಾಕೆ ಹೇಳಲಿಲ್ಲ?”

“ಹೇಳೋಕೆ ಹೊರಟಿದ್ರು. ನಾನೇ ತಡೆದೆ. ನನ್ನ ಕೆಲಸಕ್ಕೆ ಕುತ್ತು ಬರುತ್ತೆ ಅಂತ.”

ಅಷ್ಟು ಜನರ ಮುಂದೆ ಹೇಳಿಬಿಟ್ಟಮೇಲೆ ಅವಳಿಗೆ ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಕೆಲಸ ಹೋದರೆ ಹೋಗಲಿ ಎಂದುಕೊಂಡು ಸಸಿಯನ್ನು ಅವರ ಮುಂದೆ ಹಿಡಿದಳು.

ಸಾಹೇಬರು ಕೋಟು ಬಿಚ್ಚಿ ಮೋಟುವಿನ ಕೈಗೆ ಕೊಟ್ಟರು. ಪ್ಯಾಂಟು ಮಡಚಿ ಮಂಡಿಯೂರಿ ಮಣ್ಣು ಕೆದಕಿದರು, ಬೇರು ನೇರ ಇಳಿಸಿದರು, ಎದ್ದು ಸುತ್ತಲೂ ಹಿಮ್ಮಡಿಯೂರಿ ತುಳಿದರು. ಪಾಲಿಶ್ ಮಾಡಿದ ಬೂಟು ಕೆಸರಾಯಿತು. ಏದುಸಿರು ಬಿಡುತ್ತ ಪಕ್ಕಕ್ಕೆ ಸರಿದರು.

“ಮೇಸ್ತ್ರಿ,” ಎಂದರು ಅವಳಿಗೆ, “ಈಗ ಎಳೀರಿ.”

ಅವಳು ಬಗ್ಗಿದಳು. ಎಳೆದಳು.

“ಮುಗೀತು,” ಎಂದು ತಾಯಿ ಸೆರಗಲ್ಲಿ ಕಣ್ಣೊರೆಸಿಕೊಂಡರು, “ಇನ್ಮೇಲೆ ಇವಳ ಜೇಬು ಕೊಡವಬೇಕು ನಾನು.”

ಸಸಿ ನಿಂತಲ್ಲೇ ನಿಂತಿತ್ತು. ಅವಳ ಎರಡು ಬೆರಳ ನಡುವೆ, ಉಗುರಿನಷ್ಟಗಲ, ಹಸಿರು ಎಲೆಯ ತುದಿಯೊಂದು ಉಳಿದಿತ್ತು.