ಫ್ರಿಜ್ಜಿನಲ್ಲಿಟ್ಟ ರಕ್ತ

"ಆಚೆ ನಡಿಯೇ ಮುಂಡೆ! ಫ್ರಿಜ್ ಮುಟ್ಬೇಡ ಅಂತ ಎಷ್ಟು ಸಲ ಬಡ್ಕೋಬೇಕು? ಅಭಿಷೇಕದ ಹಾಲಿದೆ ಅದ್ರಲ್ಲಿ!"

ಡಾಕ್ಟರ ಹೆಂಡತಿ ಶ್ರೀಲಕ್ಷ್ಮಮ್ಮ ಕಿರುಚಿದರು. ಕೇತಮ್ಮ ಒಣಮೀನಿನ ಸಾರಿನ ಡಬ್ಬಿ ಹಿಡಿದುಕೊಂಡು ಗ್ಯಾರೇಜಿಗೆ ವಾಪಸು ಬಂದಳು. ಬರ್ಮಿಂಗ್‌ಹ್ಯಾಮಿನ ಈ ಡಾಕ್ಟರ ಮನೆಯಲ್ಲಿ ಅವಳ ಊಟ, ಹಾಸಿಗೆ, ಲೋಟ ಎಲ್ಲವೂ ವಾಷಿಂಗ್ ಮಷೀನಿನ ಪಕ್ಕದಲ್ಲೇ. ಎರಡು ವರ್ಷದ ಬೈಗುಳ ಕೇಳಿ ಕೇಳಿ ಮನಸ್ಸು ಜಡ್ಡುಗಟ್ಟಿಹೋಗಿತ್ತು.

ಅಲ್ಲಿಗೇ ಡಾಕ್ಟರ್ ಸುಬ್ರಹ್ಮಣ್ಯ ಸೂಜಿ ಹಿಡಿದು ಬಂದರು. ಬಿಳಿಗಿರಿ ಬೆಟ್ಟದಲ್ಲಿ ಸೋಲಿಗರ ರಕ್ತ ಪರೀಕ್ಷೆಗೆ ಹೋದಾಗ ಇವಳನ್ನು ಹುಡುಕಿ, ಮನೆಗೆಲಸದವಳೆಂದು ಕರೆತಂದ ಪುಣ್ಯಾತ್ಮರು. ರಕ್ತಕಣಗಳು ಕುಡುಗೋಲಿನಂತೆ ಬಾಗುವ ಕಾಯಿಲೆ ಇವಳಿಗೂ ಇತ್ತು, ಊರಲ್ಲಿದ್ದ ಮಗಳು ಜಡೇಮಾದಿಗೂ ಇತ್ತು. ಮಗಳು ಮೂಳೆನೋವಿಗೆ ಹೊರಳಾಡುತ್ತಿದ್ದಳು, ತಾಯಿ ಗಟ್ಟಿಯಾಗಿದ್ದಳು. ಎಳೆಗೂಸಿನ ಮೈಯಲ್ಲಿರುವಂಥ ರಕ್ತ ತಾಯಿಯಲ್ಲಿ ಇನ್ನೂ ಉಳಿದಿತ್ತಂತೆ, ಅದೇ ಅವಳನ್ನು ಕಾಪಾಡಿತ್ತಂತೆ. ಅದನ್ನು ನೋಡಿಕೊಂಡು ಜೀನ್ ತಿದ್ದುವ ಚಿಕಿತ್ಸೆ ಕಂಡುಹಿಡಿಯುತ್ತೇನೆ, ಮೊದಲು ನಿನ್ನ ಮಗಳಿಗೇ ಕೊಡುತ್ತೇನೆ ಎಂದಿದ್ದರು.

ಅವಳ ರಕ್ತದಿಂದ ನಾಲ್ಕು ಕೊಳವೆ ತುಂಬಿದವು.

"ಗೆದ್ವಿ ಕೇತಮ್ಮ. ಲೀಡ್ಸ್‌ನ ಒಬ್ಬ ಹುಡುಗಿಗೆ ನೋವೇ ನಿಂತುಹೋಗಿದೆ. ಇವತ್ತಿನ ಪೂಜೆ ಅದಕ್ಕೇ."

"ನನ್ ಮಗೀಗೆ ಯಾವಾಗ ಕೊಡ್ತೀರಿ, ಬುದ್ಧಿ?"

ಡಾಕ್ಟರು ನಕ್ಕರು. "ನಿಮ್ಮ ಕಾಡಿಗೆಲ್ಲ ಇದು ಬರೋದುಂಟಾ? ನೋವಿನ ಮಾತ್ರೆ ಕಳಿಸ್ತೀನಿ ಬಿಡು. ಲಕ್ಷ್ಮೀ, ಸೋಮವಾರ ಲ್ಯಾಬಿಗೆ ಒಯ್ಯೋವರೆಗೂ ಇದು ಫ್ರಿಜ್ಜಲ್ಲಿರ್ಲಿ."

ಕೇತಮ್ಮನಿಗೆ ಅಳು ಬರಲಿಲ್ಲ. ತೋಳಿನ ಹತ್ತಿ ಒತ್ತಿಕೊಂಡು ಬಾಗಿಲಲ್ಲಿ ನಿಂತು ನೋಡಿದಳು. ಅಮ್ಮನವರು ಹಾಲಿನ ಪಾತ್ರೆ ಸರಿಸಿ ಕೊಳವೆಗಳಿಗೆ ಜಾಗ ಮಾಡುತ್ತಿದ್ದರು.

ನೆಂಟರಿಷ್ಟರು ಬಂದರು. ಮಂತ್ರ ಶುರುವಾಯಿತು. ಕೇತಮ್ಮ ಡಬ್ಬಿ ಎತ್ತಿಕೊಂಡು ಸೀದಾ ಅಡುಗೆಮನೆಗೆ ಹೋದಳು. ಫ್ರಿಜ್ ತೆರೆದು, ಕೊಳವೆಗಳ ಮುಚ್ಚಳ ಒಂದೊಂದಾಗಿ ಕಿತ್ತು, ಸಿಂಕಿಗೆ ಸುರಿದಳು.

ಹಾಲು ಒಯ್ಯಲು ಬಂದ ಡಾಕ್ಟರು ಕಂಡು ಹೌಹಾರಿದರು. "ಏಯ್ ಬೇವರ್ಸಿ! ಏನ್ ಮಾಡ್ಬಿಟ್ಟೆ? ನಾಳೆನೇ ವಾಪಸ್ ಕಳಿಸ್ತೀನಿ ನಿನ್ನ!"

"ಕಳ್ಸು. ನನ್ ರಕ್ತ ಕನಯ್ಯ, ಚೆಲ್ದೆ."

ಅವಳು ನಲ್ಲಿ ತಿರುಗಿಸಿದಳು. ಕೆಂಪು ತೆಳುವಾಗಿ ಇಳಿದುಹೋಗುವವರೆಗೂ ಕಾದಳು. ಆಮೇಲೆ ಕೊಳವೆಗಳಿದ್ದ ಜಾಗದಲ್ಲಿ, ಅಭಿಷೇಕದ ಹಾಲಿಗೆ ತಾಗಿಸಿ, ಮೀನುಸಾರಿನ ಡಬ್ಬಿ ಇಟ್ಟು ಬಾಗಿಲು ಮುಚ್ಚಿದಳು.