ಔರಾದದ ಇಪ್ಪತ್ತೊಂದು ಮಂದಿ

ಫ್ಯಾನಿನ ಗಾಳಿಗಿ ಆಕಿ ಮುಂದಿನ ಕಾಗದ ಎದ್ದೆದ್ದು ಬೀಳಲಾಕತ್ತದ, ಮೊಣಕೈಲೆ ಒತ್ತಿ ಹಿಡದಾಳ, ಈ ಬಸವೇಶ್ವರಿ, ನನ್ನ ಪ್ರಾಜೆಕ್ಟಿನ ಸಹಾಯಕಿ, ಇನ್ನ ಹತ್ತು ನಿಮಿಷಕ್ಕ ಮಾಜಿ ಸಹಾಯಕಿ — ನನ್ನ ಕಡಿ ನೋಡಬ್ಯಾಡ ತಂಗಿ, ಆ ಕಡಿ ಕೂತ ಅಲಕಾ ಮೇಡಂ ಕಡಿ ನೋಡು, ವಿಚಾರಣಾ ಸಮಿತಿಗಿ ಅವರೇ ಮುಖ್ಯಸ್ಥರು, ಬೀದರದಾಗ ಇಷ್ಟು ಶಿಸ್ತಿನ ಹೆಣ್ಮಗಳು ಇನ್ನೊಬ್ಬಾಕಿಲ್ಲ, ಶಿಸ್ತಿನವರನ್ನ ನಂಬಿಸೋದು ಭಾಳ ಸಲೀಸು, ಕಾಗದ ತೋರಿಸಿದ್ರ ಮುಗೀತು. ಸಂಶೋಧನೆಯಲ್ಲಿ ಪ್ರಾಮಾಣಿಕತೆ ಮತ್ತು ದುರ್ನಡತೆ, ಒಂದು ಅಧ್ಯಯನ — ಹೆಸರು ನಾನೇ ಇಟ್ಟೆ, ದಿಲ್ಲಿಯವರು ಅನುದಾನ ಕೊಟ್ರು, ಡಾಕ್ಟರ್ ಶ್ರೀಪಾದ ಅಂತ ಪೇಪರಿನಾಗ ನನ್ನ ಫೋಟೊ ಬಂತು, ಕೆಲಸ ಇಷ್ಟೇ, ಬೀದರ, ಭಾಲ್ಕಿ, ಔರಾದ ಕಾಲೇಜಿನ ಉಪನ್ಯಾಸಕರನ್ನ ಕಂಡು ಕೇಳೋದು, ನೀವು ಎಂದಾದರೂ ಅಂಕಿಅಂಶ ಸುಳ್ಳು ಬರೆದಿದ್ದೀರಾ. ಭಾಲ್ಕಿಗಿ ಈಕಿ ತನ್ನೂರು ಭಾತಂಬ್ರಾದಿಂದ ದಿನಾ ಬಸ್ ಹಿಡದು ಹೋಗಿ ಖರೇನೇ ಒಬ್ಬೊಬ್ಬರ ಮುಂದ ಕೂತು ಬರಕೊಂಡು ಬಂದಳು, ಔರಾದ ನನ್ನ ಪಾಲಿಗಿತ್ತು, ಆ ಬಿಸಿಲಾಗ ಔರಾದಕ್ಕ ಯಾರು ಹೋಗ್ತಾರ, ಮಧ್ಯಾಹ್ನ ಉಂಡು ಮನ್ಯಾಗ ಕೂತಾಂವ ಚಾದ ಹೊತ್ತಿಗಿ ಇಪ್ಪತ್ತೊಂದು ಮಂದಿ ಫಾರ್ಮು ತುಂಬಿ ಎದ್ದೆ, ಹೌದು, ಇಲ್ಲ, ಹೌದು, ಒಬ್ಬಾಂವನ ತಪ್ಪೊಪ್ಪಿಗಿ ಬರದು ನನ್ನ ಕಣ್ಣಾಗೇ ನೀರು ಬಂತು, ಅಷ್ಟು ಚಂದ ಬಂದಿತ್ತು.

ಆ ಫಾರ್ಮಿನಾಗ ಒಂದು ಪ್ರಶ್ನಿ ಬಿಟ್ಟುಹೋಗ್ಯದಂತ ಈಕಿ ನನಗ ಹೇಳದೇ ಔರಾದಕ್ಕ ಹೋದಳು, ಯಾರು ಹೋಗಂದಿದ್ರು, ವಾಪಸ್ ಬಂದು ಬಾಗಿಲಾ ಮುಚ್ಚಿ ದನಿ ತಗ್ಗಿಸಿ, ಸರ್, ಯಾರೋ ನಿಮಗ ಮೋಸ ಮಾಡ್ಯಾರ್ರಿ, ಫಾರ್ಮಿನಾಗ ಹೆಸರಿರೋ ಕಪಿಲ ಸರ್ ನಮ್ಮನ್ನ ಯಾರೂ ಕೇಳೇ ಇಲ್ಲ ಅಂದ್ರು, ಜಿಜಾಬಾಯಿ ಮೇಡಂ ತೀರಿಕೊಂಡೇ ಎರಡು ವರ್ಷ ಆತಂತ್ರಿ, ಅಂದಳು. ನನಗ ಮೋಸ! ನಗು ತಡಕೊಂಡೆ. ಭೇಷ್ ತಂಗಿ, ಯಾರಿಗೂ ಹೇಳಬ್ಯಾಡ, ನಾ ನೋಡ್ತೇನಿ — ನೋಡಿದೆ, ಫಾರ್ಮಿನ ಬುಡಕ ಸಂಗ್ರಹಿಸಿದವರು ಅಂತ ಒಂದು ಖಾಲಿ ಸಾಲಿತ್ತು, ಇಪ್ಪತ್ತೊಂದು ಸಲ ಬರದೆ, ಬಸವೇಶ್ವರಿ, ಬಸವೇಶ್ವರಿ, ಕೈ ಪಳಗಿದ ಮ್ಯಾಲೆ ಅಕ್ಷರ ಆಕಿದೇ ಆದವು, ಆಕಿ ಮ್ಯಾಲೆ ದೂರು ಸೈತ ನಾನೇ ಕೊಟ್ಟೆ, ಬಹಳ ನೋವಿನಿಂದ ಬರೆಯುತ್ತಿದ್ದೇನೆ ಅಂತ ಶುರು ಮಾಡಿ.

ಇದು ನಿನ್ನ ಹೆಸರೇ ಅಲ್ಲೇನಮ್ಮ, ಅಲಕಾ ಮೇಡಂ ಕೇಳ್ಲಾಕತ್ತಾರ, ಹೌದ್ರಿ, ಆದ್ರ ನಾ ಬರದಿಲ್ರಿ, ಮತ್ತ ಯಾರು, ಸರ್‌ಗ ಎಲ್ಲಾ ಗೊತ್ತದರಿ, ಸರ್ ಹೇಳ್ತಾರ್ರಿ — ಅಂದು ತಿರುಗಿದಳು, ಮಾರಿ ಮ್ಯಾಲೆ ಒಂದೀಟೂ ಅಂಜಿಕಿಲ್ಲ, ನನ್ನ ನಂಬಿ ಕೂತಾಳ ಹುಚ್ಚಿ. ಕನ್ನಡಕ ತಗದು ಒರಸಿದೆ. ಮೇಡಂ, ಬಡವರ ಹುಡುಗಿ, ಪೊಲೀಸರ ತನಕ ಒಯ್ಯೋದು ಬ್ಯಾಡ್ರಿ, ಕೆಲಸದಿಂದ ತಗದು ಪಿಎಚ್‌ಡಿ ನೋಂದಣಿ ರದ್ದು ಮಾಡಿದ್ರ ಸಾಕು. ಆಗ ಗೊತ್ತಾತು ಆಕಿಗಿ. ಗೊತ್ತಾಗೋದನ್ನ ಕಣ್ಣು ತಗೀದೇ ನೋಡಿದೆ, ಸುಳ್ಳ್ಯಾಕ ಹೇಳಲಿ, ಛಲೋ ಅನಸ್ತು. ತೀರ್ಮಾನದ ಕಾಗದಕ್ಕ ಸಹಿ ಮಾಡಂದ್ರ ಪೆನ್ನು ನನ್ನ ಕಡಿ ನೂಕಿದಳು, ಅದೂ ನೀವೇ ಮಾಡ್ರಿ ಸರ್, ನನ್ನ ಹೆಸರು ನಿಮಗ ರೂಢಿ ಅದ. ಉದ್ಧಟತನ ಅಂತ ಮೇಡಂ ಬರಕೊಂಡ್ರು, ಮುಗೀತು.

ಪಡಸಾಲ್ಯಾಗ ಆಕಿ ಅಪ್ಪ ಹಾವಗೆಪ್ಪ ನಿಂತಾನ, ಜವಾನ ಮೊದಲೇ ಸುದ್ದಿ ಮುಟ್ಟಿಸ್ಯಾನ, ಸಾಹೇಬ್ರ, ಪೊಲೀಸರಿಗಿ ಕೊಡೋದು ತಪ್ಪಿಸಿದ್ರಂತ, ನಮ್ಮ ಪಾಲಿನ ದೇವ್ರು ನೀವು, ಅಂದಾಂವ ನನ್ನ ಕಾಲಿಗಿ ಬಗ್ಗೇ ಬಿಟ್ಟ, ಅಪ್ಪಾ ಏಳು, ಬಸವೇಶ್ವರಿ ಚೀರಿದಳು, ಅಪ್ಪಾ ಏಳೂ, ಅಂವ ಏಳವಲ್ಲ, ನನ್ನ ಬೂಟಿನ ಮ್ಯಾಲೆ ಧೂಳದ, ಅದನ್ನ ಅಂಗೈಲೆ ಒರಸಲಾಕತ್ತಾನ, ಕಾಲು ಹಿಂದಕ್ಕ ಜಗ್ಗಬೇಕು, ಜಗ್ಗಾಕ ಬರವಲ್ದು, ಬಲಗಾಲು ಒರಸಿ ಆತು, ಈಗ ಎಡಗಾಲು, ನಿಧಾನಕ್ಕ, ಕೂಸಿನ ಮಾರಿ ಒರಸಿದಂಗ, ಆ ಅಂಗೈ, ಬೂಟಿನ ಮ್ಯಾಲೆ, ಆ ಅಂಗೈ —